ಸೋಪು ಹಾಕಿ ಒಗೆದ ನಿಲುವಂಗಿ

ಯಾರಿಗಾದರೂ ಒಳ್ಳೆಯದಾದರೆ, ಬೆಳಿಗ್ಗೆ ನರಿ ಮುಖ ನೋಡಿ ಎದ್ದಿರಬೇಕು ಎಂದು ಜನ ತಮಾಷೆ ಮಾಡುತ್ತಾರೆ. ನಾನು ವರ್ಷಗಟ್ಟಲೆ ದಿನಾ ಅದೇ ಮುಖ ನೋಡಿಕೊಂಡು ಬಂದವಳು. ಅದೃಷ್ಟದ ವಿಷಯ ನನ್ನನ್ನು ಕೇಳಬೇಡಿ.

ಮಹಾನಗರ ಮುಗಿದು ಕುರುಚಲು ಕಾಡು ಶುರುವಾಗುವಲ್ಲಿ ನಮ್ಮ ವನ್ಯಜೀವಿ ಆಶ್ರಯಧಾಮ. ಗಾಡಿಗೆ ಸಿಕ್ಕಿದ್ದು, ಬಾವಿಗೆ ಬಿದ್ದದ್ದು, ತಾಯಿ ಸತ್ತದ್ದು ಎಲ್ಲವೂ ಇಲ್ಲಿಗೆ ಬರುತ್ತವೆ. ಮರಿಗಳಿಗೆ ಊಟ ಹಾಕುವುದು ನನ್ನ ಕೆಲಸ. ಆಗ ಮೈತುಂಬ ಬೂದು ನಿಲುವಂಗಿ, ಮುಖಕ್ಕೆ ಮುಸುಕು, ಬಾಯಿಗೆ ಬೀಗ. ಊಟ ಕೊಡುವುದು ಮನುಷ್ಯರು ಎಂದು ಮರಿಗೆ ಗೊತ್ತಾಗಬಾರದು. ಗೊತ್ತಾಯಿತೋ, ಜನರ ಹತ್ತಿರ ಹೋಗಿ ಹೊಡೆಸಿಕೊಂಡು ಸಾಯುತ್ತದೆ, ಇಲ್ಲವೇ ಬದುಕಿರುವಷ್ಟು ದಿನ ಬೋನಿನಲ್ಲಿ ಕೊಳೆಯುತ್ತದೆ. ಆ ನಿಲುವಂಗಿಗಳನ್ನು ನಾವು ಬರೀ ನೀರಿನಲ್ಲಿ ಜಾಲಿಸಿ ಒಣಹುಲ್ಲಿನ ಕೋಣೆಯಲ್ಲಿ ತೂಗುಹಾಕುತ್ತೇವೆ. ಅವುಗಳದು ಮಣ್ಣಿನ, ಹುಲ್ಲಿನ ವಾಸನೆ. ಗಬ್ಬುನಾತ ಎನ್ನುವವರು ಎನ್ನಲಿ.

ಬಾಲ ಮೊಂಡಾಗಿದ್ದ ಒಂದು ಹೆಣ್ಣು ನರಿಮರಿಯನ್ನು ಮೋಟಿ ಎಂದು ಕರೆಯುತ್ತಿದ್ದೆವು. ಇದನ್ನಂತೂ ಕಾಡಿಗೆ ಕಳಿಸಿಯೇ ತೀರಬೇಕು ಎಂದು ನನಗೆ ಹಟ. ಅಷ್ಟರಲ್ಲಿ ಕಾಮಾಲೆ ಬಂದು ಅಣ್ಣನ ಮನೆಯಲ್ಲಿ ಮಲಗಿದೆ.

ಅತ್ತಿಗೆ ನನ್ನ ವಾಂತಿ ಬಳಿದರು, ಗಂಜಿ ಕುಡಿಸಿದರು. ಸಾಲದ್ದಕ್ಕೆ, "ನಿನ್ ಕೆಲಸ ನಾನು ಮಾಡ್ತೀನಿ ಕಣೇ, ಸುಮ್ನೆ ಮಲಗು" ಎಂದು ದಿನವೂ ಧಾಮಕ್ಕೆ ಹೋದರು. ಪ್ರಾಣಿಗಳೆಂದರೆ ಅವರಿಗೆ ಪಂಚಪ್ರಾಣ. ನೆರೆಹೊರೆಯವರನ್ನೆಲ್ಲ ಸೇರಿಸಿ ಧಾಮಕ್ಕೆ ಕಂಬಳಿ, ಔಷಧಿ, ಹೊಸ ಬೇಲಿ ಕೊಡಿಸಿದವರೂ ಅವರೇ. ಮ್ಯಾನೇಜರು ಹೇಳಿದ ಹಾಗೆಯೇ ಮುಸುಕು ಹಾಕಿದರಂತೆ, ಒಂದು ಮಾತೂ ಆಡಲಿಲ್ಲವಂತೆ.

ಹುಷಾರಾಗಿ ಮರಳಿದ ದಿನ ಹುಲ್ಲಿನ ಕೋಣೆಯ ಬಾಗಿಲು ತೆಗೆದೆ. ಘಮ್ಮೆಂದು ಸೋಪಿನ ಪರಿಮಳ ಮೂಗಿಗೆ ರಾಚಿತು.

"ಎಷ್ಟು ಕೊಳೆ ಇತ್ತು ಗೊತ್ತಾ? ಎಲ್ಲಾನೂ ಮನೆಗೆ ತಗೊಂಡು ಹೋಗಿ ವಾರವಾರ ಒಗೆದು ತಂದೆ" ಎಂದರು ಅತ್ತಿಗೆ, ಹೆಮ್ಮೆಯಿಂದ. "ಪಾಪ, ಅವೂ ಜೀವ ತಾನೇ?"

ಇಷ್ಟು ದಿನ ಮೋಟಿ ಉಂಡದ್ದೆಲ್ಲ ಆ ಪರಿಮಳದ ಜೊತೆಗೆ. ಒಗೆದ ಬಟ್ಟೆ ಉಟ್ಟವರೆಲ್ಲ ಇನ್ನು ಅದಕ್ಕೆ ಅನ್ನದಾತರೇ.

ಮ್ಯಾನೇಜರ ಬಳಿಗೆ ಓಡಿದೆ. "ಮೋಟೀನ ಈಗ ಕಾಡಿಗೆ ಬಿಡಬೇಡಿ ಸರ್."

"ಬಿಡುಗಡೆ ನೋಡೋಕೆ ಜನರನ್ನ ಕರೆದಾಗಿದೆ. ನಿನ್ನೆ ಕಾವಲುಗಾರನನ್ನ ಬೇಲಿ ಪಕ್ಕ ನಡೆಸಿ ನೋಡಿದ್ವಿ. ಓಡಿ ಹೋಗಿ ಅವಿತುಕೊಳ್ತು."

"ಅವನ ಮೈಯಲ್ಲಿ ಬೀಡಿ ವಾಸನೆ ಬಿಟ್ರೆ ಇನ್ನೇನಿದೆ? ಒಗೆದ ಬಟ್ಟೆ ಹಾಕಿರೋರನ್ನ ನಡೆಸಿ ನೋಡಿ."

"ನಿನ್ ಕಾಮಾಲೆ ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ" ಎಂದು ನಕ್ಕು ಫೋನು ಕೈಗೆತ್ತಿಕೊಂಡರು.

ಬಿಡುಗಡೆಯ ಸಂಜೆ ನಗರದ ಜನ ಗರಿಗರಿ ಬಟ್ಟೆಯಲ್ಲಿ ಬಂದು ನಿಂತರು. ಬೋನಿನ ಬಾಗಿಲು ಎತ್ತುವ ಗೌರವ ಅತ್ತಿಗೆಯದು. ಮೋಟಿ ಹೊರಬಂದು ಮೂಗೆತ್ತಿ ಗಾಳಿ ಮೂಸಿತು. ಎದುರಿಗೇ ಕಾಡಿತ್ತು. ಅದು ಹಿಂದಕ್ಕೆ ತಿರುಗಿ, ನೆಟ್ಟಗೆ ಬಂದು ಅತ್ತಿಗೆಯ ಕಾಲ ಬಳಿ ಕೂತು, ಊಟಕ್ಕೆ ಕಾಯುವ ಹಾಗೆ ಮುಖ ಎತ್ತಿತು.

ಜನ ಚಪ್ಪಾಳೆ ತಟ್ಟಿದರು. "ನೋಡೇ, ಥ್ಯಾಂಕ್ಸ್ ಹೇಳೋಕೆ ಬಂದಿದೆ!" ಎಂದ ಅತ್ತಿಗೆಯ ಕಣ್ಣಲ್ಲಿ ನೀರು.

ನಾನು ಮಣ್ಣಿನ ಹೆಂಟೆ ತೆಗೆದು ಬೀಸಿದೆ. "ಹೋಗು! ತೊಲಗು!" ಹೆಂಟೆ ಪಕ್ಕೆಗೆ ಬಡಿಯಿತು. ಮೋಟಿ ಕುಂಯ್ಗುಟ್ಟಿ ಅತ್ತಿಗೆಯ ಹಿಂದೆ ಅಡಗಿತು. "ಇಂಥವರನ್ನ ಯಾಕ್ರೀ ಇಲ್ಲಿ ಕೆಲಸಕ್ಕಿಟ್ಟಿದೀರಾ?" ಎಂದು ಯಾರೋ ಮ್ಯಾನೇಜರನ್ನು ಕೇಳಿದರು. ಮತ್ತೆ ಹಿಡಿಯಲು ಬಲೆಯೂ ಬೇಕಾಗಲಿಲ್ಲ. ಅತ್ತಿಗೆಯೇ ಎತ್ತಿಕೊಂಡು ಹೋಗಿ ಬೋನಿಗೆ ಬಿಟ್ಟರು.

ಮೋಟಿ ಈಗ ನೋಡಲು ಬರುವವರ ಅಚ್ಚುಮೆಚ್ಚು. ಬೋನಿಗೆ ಅತ್ತಿಗೆಯ ಹೆಸರಿನ ಫಲಕ ಬಿದ್ದಿದೆ. ನಾನು ಅತ್ತಿಗೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಒಗೆದಿದ್ದೇ ತಪ್ಪಾಯ್ತಾ?" ಎಂದರು. ಆಮೇಲೆ ಫಲಕದ ಧೂಳು ಒರೆಸುತ್ತ, "ಹೋಗ್ಲಿ ಬಿಡು, ಆಚೆ ಹೋಗಿದ್ರೆ ಯಾವ ಗಾಡಿಗೆ ಸಿಗ್ತಿತ್ತೋ. ಇಲ್ಲಿ ನಾವಿದೀವಲ್ಲ" ಎಂದರು. ಮೈಯೆಲ್ಲ ಉರಿದುಹೋಯಿತು. ಆದರೆ ನನಗೆ ಗಂಜಿ ಕುಡಿಸಿದ ಕೈ ಅದು.

ನಿನ್ನೆ ಎರಡು ಮರಿಗಳು ಬಂದವು, ಇನ್ನೂ ಕಣ್ಣು ಬಿಟ್ಟಿಲ್ಲ. ಹೊಸ ನಿಲುವಂಗಿ ಹೊಲಿಸಿ, ಹುಲ್ಲಿನಲ್ಲಿ ಹುದುಗಿಸಿ, ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡೆ.

ಇವತ್ತು ಮ್ಯಾನೇಜರು ಬಂದು ಕೈ ಚಾಚಿದರು. "ಇನ್ಮೇಲೆ ಮರಿಗಳನ್ನ ನಿಮ್ಮತ್ತಿಗೇನೇ ನೋಡ್ಕೋತಾರೆ. ಬೀಗದ ಕೈ ಕೊಡು. ಕಲ್ಲು ಹೊಡೆಯೋರು ನಮಗೆ ಬೇಡ."

ಅವರ ಹಿಂದೆ ಅತ್ತಿಗೆ ಬಟ್ಟೆ ಒಗೆಯುವ ಬಕೆಟ್ಟು ಹಿಡಿದು ನಿಂತಿದ್ದರು. "ಯೋಚನೆ ಮಾಡ್ಬೇಡ ಕಣೇ. ಈ ಸಲ ವಾಸನೆನೇ ಇಲ್ಲದ ಸೋಪು ತಂದಿದೀನಿ."

ಬೋನಿನಲ್ಲಿ ಮೋಟಿ ಆಗಲೇ ಎದ್ದು ಬಂದು, ಆ ಬಕೆಟ್ಟಿನ ಕಡೆಗೆ ಮೂಗು ಚಾಚಿ, ಮೋಟು ಬಾಲ ಅಲ್ಲಾಡಿಸುತ್ತಿತ್ತು.