ಅತ್ತೆಯ ಕೈಗೆ ಸಿಕ್ಕ ಕ್ಯಾಮೆರಾ

ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಸೊಸೆ ಹಳೇ ಸಾಮಾನಿನ ಅಂಗಡಿಯಿಂದ ಎರಡು ಕಣ್ಣಿನ ಕ್ಯಾಮೆರಾ ತಂದಳು. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಒಂದು ರೀಲಿಗೆ ಹನ್ನೆರಡೇ ಫೋಟೊ. ಮೊದಲನೆಯದು ಅತ್ತೆಯದೇ ಆಗಲೆಂದು ಅವಳ ಆಸೆ. ಅತ್ತೆಗೋ, ಕ್ಯಾಮೆರಾ ಕಂಡರೆ ಸಾಕು, ಮುಖ ಹಲಗೆಯಂತೆ ಬಿಗಿದುಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ಸೊಸೆ ಬಾಗಿಲಲ್ಲಿ ನಿಂತು ಗಾಜಿನೊಳಗೆ ಇಣುಕುತ್ತಿದ್ದಳು.

“ಅದೇನೇ, ಅಷ್ಟೊತ್ತಿಂದ ಡಬ್ಬಿಯೊಳಗೆ ಹುಡುಕ್ತಿದೀಯ?” ಎನ್ನುತ್ತ ಅತ್ತೆ ಬಂದರು.

“ನೀವೇ ನೋಡಿ ಅತ್ತೆ.”

ಅತ್ತೆ ಬಗ್ಗಿ ನೋಡಿದರು. ಇಡೀ ಬೀದಿ ಪುಟ್ಟ ಗಾಜಿನಲ್ಲಿ ಹೊಳೆಯುತ್ತಿತ್ತು, ಆದರೆ ಎಡಬಲ ಅದಲುಬದಲಾಗಿ. ಎಡಕ್ಕೆ ಹೊರಟ ಸೈಕಲ್ಲು ಬಲಕ್ಕೆ ಓಡಿತು.

“ಅಯ್ಯೋ, ಎದುರಂಗಡಿ ಪೇಂಟರು ಎಡಗೈಲಿ ಬೋರ್ಡ್ ಬರೀತಿದಾನೆ! ಅಕ್ಷರ ಎಲ್ಲ ತಿರುಗುಮುರುಗು!” ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ಆಮೇಲೆ ಕ್ಯಾಮೆರಾ ಅವರ ಕೈ ಬಿಟ್ಟು ಹೋಗಲಿಲ್ಲ. “ಇರೇ, ಇನ್ನೊಂದೇ ಒಂದು” ಎನ್ನುತ್ತ ಕರ್ರ್ ಎಂದು ರೀಲು ಸುತ್ತುವ ಹಿಡಿ ತಿರುಗಿಸುವುದು, ಮತ್ತೆ ಬಗ್ಗುವುದು. ಊಟದ ಹೊತ್ತಿಗೆ ಹನ್ನೆರಡೂ ಮುಗಿದವು.

“ನಿಮ್ಮದೊಂದೂ ತೆಗೀಲಿಲ್ವಲ್ಲ ಅತ್ತೆ!”

“ನನ್ನ ಮುಖ ದಿನಾ ನೋಡ್ತೀಯಲ್ಲೇ. ಇನ್ನೊಂದು ರೀಲು ತಗೊಂಡು ಬಾ.”

ತೊಳೆಸಿದ ಫೋಟೊಗಳು ಮಂಗಳವಾರ ಬಂದವು. ಒಂಬತ್ತರಲ್ಲಿ ಓರೆ ಗೋಡೆ, ಬೆಕ್ಕಿನ ಬಾಲ. ಮೂರು ಚೆನ್ನಾಗಿದ್ದವು. ಒಂದರಲ್ಲಿ ಸೊಸೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬಾಯ್ತುಂಬ ನಗುತ್ತಿದ್ದಳು. ಅವಳನ್ನು ಅಷ್ಟು ಚೆಂದವಾಗಿ ಯಾರೂ ಹಿಡಿದಿರಲಿಲ್ಲ.

ಮುಂದಿನ ಭಾನುವಾರ ಕ್ಯಾಮೆರಾ ಯಾರಿಗೆ ಎಂಬ ಜಗಳ ಬುಧವಾರವೇ ಶುರುವಾಯಿತು.