ಮಾದರಿ ಪ್ರಿಂಟು

ಶಟರಿನ ಕಂಡಿಯಿಂದ ಏನೋ ಒಳಕ್ಕೆ ಜಾರಿ ನೆಲಕ್ಕೆ ಬಿದ್ದ ಸದ್ದಾಯಿತು. ರಾತ್ರಿ ಹನ್ನೊಂದು ದಾಟಿತ್ತು. ಹಾಸನದ ಆ ಕಲರ್ ಲ್ಯಾಬಿನ ಮೇಲಿನ ಕೋಣೆಯಲ್ಲಿ, ಮಾಲೀಕ ರಂಗಸ್ವಾಮಿಯವರ ತಾಯಿಗೆ ಜೊತೆಯಾಗಿ ಮಲಗುತ್ತಿದ್ದ ನನಗೆ ಅದು ಹೊಸ ಸದ್ದಲ್ಲ. ಸುತ್ತಲಿನ ಊರುಗಳ ಸ್ಟುಡಿಯೋದವರು ಮದುವೆ ಫೋಟೋಗಳ ಸಿ.ಡಿ.ಯನ್ನು ಕೊನೆಯ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಕಂಡಕ್ಟರು ಮನೆಗೆ ಹೋಗುವಾಗ ಅದನ್ನು ಕಂಡಿಯೊಳಗೆ ತಳ್ಳಿ ಹೋಗುತ್ತಿದ್ದ. ಆದರೂ ಪ್ರತಿ ಸಲ ನನಗೆ ಎಚ್ಚರವಾಗುತ್ತಿತ್ತು. ಎದ್ದು ಚಿಲಕ ಮುಟ್ಟಿ ನೋಡಿ ಬಂದು ಮಲಗುತ್ತಿದ್ದೆ.

ಬೆಳಿಗ್ಗೆ ಕವರಿನ ಮೇಲಿನ ಹೆಸರು ಓದಿದೆ. ಪಾಲಾಕ್ಷ, ಹೊಳೆನರಸೀಪುರ. ಕೆಳಗೆ ಕೆಂಪು ಪೆನ್ನಿನಲ್ಲಿ ‘ಕಲರ್ ಮುಟ್ಟಬೇಡಿ’ ಎಂದಿತ್ತು.

ಕಲರ್ ಮುಟ್ಟುವುದೇ ನನ್ನ ಕೆಲಸ. ಪ್ರಿಂಟಿಂಗ್ ಯಂತ್ರದ ಪರದೆಯ ಮೇಲೆ ಫೋಟೋಗಳು ಸಾಲಾಗಿ ಬರುತ್ತವೆ. ಯಾವುದು ಕೆಂಪಾಗಿದೆ, ಯಾವುದು ಕಪ್ಪಿಟ್ಟಿದೆ ಎಂದು ನೋಡಿ ಕೀಲಿ ಒತ್ತಿ ಸರಿಮಾಡಬೇಕು. ಒಂದು ಸಲ ಒತ್ತಿದರೆ ಬಣ್ಣ ಒಂದು ಎಳೆಯಷ್ಟು ಸರಿಯುತ್ತದೆ, ಅಷ್ಟೇ. ನೋಡುವವರಿಗೆ ಏನಾಗಿದೆ ಎಂದು ಹೇಳಲಾಗುವುದಿಲ್ಲ, ಏನೋ ಆಗಿದೆ ಎಂದು ಮಾತ್ರ ಗೊತ್ತಾಗುತ್ತದೆ.

ಪಾಲಾಕ್ಷನ ಹೆಸರು ನನಗೆ ಹೊಸದಲ್ಲ. ಅದು 2004ರ ಲಗ್ನದ ಕಾಲ. ಅದಕ್ಕೆ ಹನ್ನೆರಡು ವರ್ಷ ಹಿಂದೆ, ನಾನು ಬಿ.ಎಸ್ಸಿ. ಮುಗಿಸಿದಾಗ, ನಮ್ಮಪ್ಪ ವೆಂಕಟರಾಮಯ್ಯ ಮೇಷ್ಟ್ರು ಗಂಡಿನ ಕಡೆಗೆ ಕಳಿಸಲು ನನ್ನ ಫೋಟೋ ತೆಗೆಸಿದ್ದು ಇವನ ಸ್ಟುಡಿಯೋದಲ್ಲೇ. ನಾನು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಎಂದೆಲ್ಲ ಸುತ್ತಿ ಹೇಳುವಂಥದ್ದಲ್ಲ, ಕಪ್ಪೇ. ಆಗಿನ ಕಪ್ಪು-ಬಿಳುಪು ನೆಗೆಟಿವಿನಲ್ಲಿ ಮುಖದ ಜಾಗಕ್ಕೆ ಸಣ್ಣ ಕುಂಚದಿಂದ ಕೆಂಪು ಬಣ್ಣ ಬಳಿದರೆ ಪ್ರಿಂಟಿನಲ್ಲಿ ಮುಖ ಬೆಳ್ಳಗೆ ಬರುತ್ತದೆ ಎಂದು ಆಮೇಲೆ ಕಲಿತೆ. ಪಾಲಾಕ್ಷ ಯಾರನ್ನೂ ಕೇಳದೆ ಅದನ್ನು ಮಾಡಿದ್ದ. ಅಪ್ಪ ಫೋಟೋವನ್ನು ಕಿಟಕಿಗೆ ಹಿಡಿದು, “ಬೆಳಕು ಒಂಚೂರು ಜಾಸ್ತಿ ಬಿದ್ದಿದೆ ಅಲ್ವೇನೇ ರಂಗನಾಯಕಿ?” ಎಂದು ಅಮ್ಮನನ್ನು ಕೇಳಿ, ಲಕೋಟೆಗೆ ಹಾಕಿದರು.

ಚನ್ನರಾಯಪಟ್ಟಣದಿಂದ ಹುಡುಗನ ಕಡೆಯವರು ಬಂದರು. ನಾನು ಕಾಫಿ ತಂದು ಇಟ್ಟೆ. ಹುಡುಗನ ಸೋದರತ್ತೆ ಲೋಟ ಎತ್ತಿಕೊಂಡು, “ಫೋಟೋದಲ್ಲಿರೋ ಹುಡುಗಿ ಯಾವಾಗ ಬರ್ತಾಳೆ?” ಎಂದರು.

ಅಪ್ಪ ಅವಮಾನ ತಾಳಲಾರದೆ ಅವರನ್ನೆಲ್ಲ ಸ್ಟುಡಿಯೋಗೆ ಕರೆದುಕೊಂಡು ಹೋದರು. ಇವನು ಒಂದು ಮಾತು ‘ನಾನೇ ಮಾಡಿದೆ’ ಎಂದಿದ್ದರೆ ಮುಗಿಯುತ್ತಿತ್ತು. ಇವನು ಬಟ್ಟೆಯಿಂದ ಕ್ಯಾಮೆರಾ ಒರೆಸುತ್ತ, “ಮೇಷ್ಟ್ರೇ ಬೆಳ್ಳಗ್ ಮಾಡ್ಕೊಡು ಅಂದ್ರು ಸಾ. ನಾನೇನ್ ಮಾಡ್ಲಿ,” ಎಂದನಂತೆ. ಅಪ್ಪ ಜಗಳವಾಡುವವರಲ್ಲ. ಸುಮ್ಮನೆ ಮನೆಗೆ ಬಂದರು. ಅಂದಿನಿಂದ ಅವರಿಗೆ ಊರಿನಲ್ಲಿ ‘ಬಣ್ಣದ ಮೇಷ್ಟ್ರು’ ಎಂಬ ಹೆಸರಾಯಿತು. ಆ ಹೆಸರಿನಲ್ಲೇ ರಿಟೈರಾದರು, ಆ ಹೆಸರಿನಲ್ಲೇ ತೀರಿಕೊಂಡರು. ನನ್ನನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ.

ಪಾಲಾಕ್ಷನ ಮೊದಲ ಸಿ.ಡಿ.ಯಲ್ಲಿ ಅರಿಶಿನ ಶಾಸ್ತ್ರದ ಫೋಟೋಗಳಿದ್ದವು. ನಾನು ಮಜೆಂಟಾ ಕೀಲಿಯನ್ನು ಕೆಳಕ್ಕೆ ಎರಡು ಸಲ ಒತ್ತಿದೆ. ಮಜೆಂಟಾ ಎಂದರೆ ಗಾಢ ಗುಲಾಬಿ. ಅದು ಇಳಿದಷ್ಟೂ ಹಸಿರು ಏರುತ್ತದೆ. ಮುಂದಿನ ಸಿ.ಡಿ.ಗೆ ಮೇಲಕ್ಕೆ ಒಂದು ಸಲ, ಅದರ ಮುಂದಿನದಕ್ಕೆ ಏನೂ ಇಲ್ಲ, ಆಮೇಲೆ ಮತ್ತೆ ಹಸಿರು. ಎರಡು ಸಲ ಒಂದೇ ತಪ್ಪಾದರೆ ಅವನು ತಿದ್ದಿಕೊಳ್ಳಬಹುದಲ್ಲ.

ಅವನು ಲ್ಯಾಬಿಗೇ ಬಂದ. ಮೈ ಬಂದಿತ್ತು, ಕೂದಲಿಗೆ ಬಣ್ಣ ಹಚ್ಚಿದ್ದ. ನನ್ನ ಮುಖ ನೋಡಿದ. ಗುರುತು ಸಿಗಲಿಲ್ಲ. ಸಿಕ್ಕೀತೆಂದು ಹೆದರಿದ್ದೆ. ಸಿಗಲಿಲ್ಲ ಎಂದಾಗ ಸಿಟ್ಟು ಇನ್ನೂ ಏರಿತು.

“ರಂಗಣ್ಣ, ನನ್ ಕಂಪ್ಯೂಟ್ರಲ್ಲಿ ಉಡ್ಗಿ ಅರಿಶಿನ ಬಳ್ಕಂಡು ಲಕ್ಷಣವಾಗವ್ಳೆ. ನಿಮ್ ಪ್ರಿಂಟಲ್ಲಿ ಪಾಚಿ ಕಟ್ಟಿದ್ ಕಲ್ಲಂಗವ್ಳೆ,” ಎಂದ.

ರಂಗಸ್ವಾಮಿ ನಕ್ಕರು. “ನಿನ್ ಮಾನಿಟ್ರು ಯಾವ್ ಕಾಲದ್ದಪ್ಪ? ಮೊದ್ಲು ಅದುಕ್ಕೊಂದು ಕನ್ನಡ್ಕ ಆಕ್ಸು.”

“ನಗಬ್ಯಾಡ ಕಣಣ್ಣ. ಗಿರಾಕಿ ಮುಂದೆ ನಿಲ್ಲೋನು ನಾನು.” ಅವನು ನನ್ನ ಕಡೆ ತಿರುಗಿದ. “ನೀವಾರ ಏಳಿ ಮೇಡಂ. ಓದಿರೋರು.”

ಓದಿದ್ದನ್ನೇ ಹೇಳಿದೆ. ಒಂದೊಂದು ಮಾನಿಟರು ಒಂದೊಂದು ಬಣ್ಣ ತೋರಿಸುತ್ತದೆ. ಹಾಕಿದ ತಕ್ಷಣ ಕೆಲಸಕ್ಕೆ ಕೂರಬಾರದು, ಅರ್ಧ ಗಂಟೆ ಕಾಯಬೇಕು. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯ, ಒಂದು ಮಾದರಿ ಇರಬೇಕು. ನಮ್ಮಲ್ಲಿ ಪರೀಕ್ಷೆಗೆಂದೇ ಒಂದು ಫೈಲಿತ್ತು: ಒಬ್ಬ ಹೆಂಗಸಿನ ಮುಖ, ಬಿಳಿ ಬಟ್ಟೆ, ಹಣ್ಣಿನ ತಟ್ಟೆ, ಬೂದುಬಣ್ಣದ ಪಟ್ಟಿ. “ಈ ಫೈಲನ್ನ ನಿಮ್ಮ ಕಂಪ್ಯೂಟರಿನಲ್ಲಿ ತೆರೀರಿ. ಇದರ ಪ್ರಿಂಟನ್ನ ಪಕ್ಕದಲ್ಲಿ ಹಿಡೀರಿ. ಎರಡೂ ಒಂದೇ ಥರ ಕಾಣೋವರೆಗೂ ಮಾನಿಟರಿನ ಬಣ್ಣ ಬದಲಾಯಿಸಿ. ಆಮೇಲೆ ಅದನ್ನ ಮುಟ್ಟಬೇಡಿ,” ಎಂದೆ.

ಒಂದು ಮಾತೂ ಸುಳ್ಳಲ್ಲ. ಅವನು ಕಾಫಿಗೆಂದು ರಂಗಸ್ವಾಮಿಯವರ ಜೊತೆ ಹೊರಗೆ ಹೋದಾಗ ಆ ಪ್ರಿಂಟನ್ನು ಹೊಸದಾಗಿ ತೆಗೆದೆ, ಮಜೆಂಟಾ ಇಳಿಸಿ. ಬೂದುಬಣ್ಣದ ಪಟ್ಟಿಯಲ್ಲಿ ಹಸಿರಿನ ಛಾಯೆ ಇತ್ತು. ನನಗೆ ಮಾತ್ರ ಕಾಣುವಷ್ಟು.

ಆಮೇಲೆ ನಾನು ಅವನ ಫೋಟೋಗಳನ್ನು ಮುಟ್ಟಲೇ ಇಲ್ಲ. ಮುಟ್ಟುವ ಅಗತ್ಯವಿರಲಿಲ್ಲ. ಅವನು ಆ ಪ್ರಿಂಟಿಗೆ ಹೊಂದಿಸಿ ಮಾನಿಟರನ್ನು ಹಸಿರಾಗಿಸಿಕೊಂಡ. ಸರಿಯಾದ ಫೋಟೋ ಕೂಡ ಅದರಲ್ಲಿ ಹಸಿರಾಗಿ ಕಂಡಿತು. ಅದನ್ನು ತಿದ್ದಲು ಫೋಟೋಶಾಪಿನಲ್ಲಿ ಕೆಂಪು ಸೇರಿಸಿದ, ಗುಲಾಬಿ ಸೇರಿಸಿದ, ಸಿ.ಡಿ. ಮಾಡಿ ಕಳಿಸಿದ. ನಾನು ಅವನು ಬರೆದ ಹಾಗೆಯೇ ಕಲರ್ ಮುಟ್ಟದೆ ಪ್ರಿಂಟ್ ಹಾಕಿದೆ. ಗಂಡು, ಹೆಣ್ಣು, ಪುರೋಹಿತರು, ಊಟದ ಸಾಲಿನಲ್ಲಿದ್ದ ಮುದುಕರು, ಎಲ್ಲರೂ ಓಕುಳಿಯಾಡಿ ಬಂದ ಹಾಗಿದ್ದರು.

ಹಳೇಕೋಟೆಯ ಒಬ್ಬ ಹೆಂಗಸು ಮಗಳ ಧಾರೆ ಸೀರೆಯನ್ನೇ ಚೀಲದಲ್ಲಿ ಅವನ ಸ್ಟುಡಿಯೋಗೆ ತಂದು ಆಲ್ಬಂ ಪಕ್ಕ ಹರಡಿದಳಂತೆ. “ನಾವ್ ಕೊಟ್ಟಿದ್ದು ಕೆನೆ ಬಣ್ಣದ್ದು ಕಣಯ್ಯ. ಬೀಗ್ರು ಇದ್ಯಾವ್ ಸೀರೆ ಅಂತ ಕೇಳ್ತಾವ್ರೆ,” ಎಂದು ಜನರ ಮುಂದೆ ಬೈದಳಂತೆ. ಪಾಲಾಕ್ಷ ಫೋನಿನಲ್ಲಿ ರಂಗಸ್ವಾಮಿಯವರಿಗೆ ಇದನ್ನು ಹೇಳುತ್ತಿದ್ದಾಗ ನಾನು ಕಾಗದದ ರೋಲು ಬದಲಾಯಿಸುತ್ತಿದ್ದೆ. ಬೇಕೆಂದೇ ನಿಧಾನವಾಗಿ ಬದಲಾಯಿಸಿದೆ, ಪೂರ್ತಿ ಕೇಳಲೆಂದು. ಅವನು ಹೊಸ ಮಾನಿಟರು ಕೊಂಡ. ಅದನ್ನೂ ನನ್ನ ಮಾದರಿ ಪ್ರಿಂಟಿಗೇ ಹೊಂದಿಸಿದ. ಒಂದೇ ಭಯವಿತ್ತು ನನಗೆ: ಮೈಸೂರಿನ ಲ್ಯಾಬಿಗೆ ಒಂದು ಸಿ.ಡಿ. ಕಳಿಸಿ, ಅಲ್ಲೂ ಕೆಂಪು ಬಂದದ್ದನ್ನು ನೋಡಿ, ಎಲ್ಲಿ ತಪ್ಪಾಗಿದೆ ಎಂದು ಯೋಚಿಸಿಬಿಟ್ಟರೆ ಎಂದು. ಆ ಯೋಚನೆ ಅವನಿಗೆ ಬರಲಿಲ್ಲ. ತಪ್ಪು ಬೇರೆಯವರದೇ ಎಂದು ನಂಬುವುದು ಅವನಿಗೆ ಮೊದಲಿನಿಂದ ಅಭ್ಯಾಸ.

ಮಾರನೆಯ ವರ್ಷ ಒಂದು ಸಿ.ಡಿ. ಬಂತು. ‘ಅರ್ಜೆಂಟ್, ನನ್ನ ಮಗಳು ನಿಸರ್ಗಳದು’ ಎಂದು ಬರೆದಿದ್ದ. ಅವಸರದಲ್ಲಿ ಅವನು ಮುಗಿಸಿದ ಚಿತ್ರದ ಬದಲು ಫೋಟೋಶಾಪಿನ ಕೆಲಸದ ಫೈಲನ್ನೇ ಹಾಕಿಬಿಟ್ಟಿದ್ದ. ಅದರಲ್ಲಿ ಮಾಡಿದ ತಿದ್ದುಪಡಿಗಳು ಒಂದರ ಮೇಲೊಂದು ಪದರವಾಗಿ ಹಾಗೇ ಉಳಿದಿರುತ್ತವೆ. ಮೇಲೆ ಕಂಡದ್ದು ಗುಲಾಬಿ ಬಿಳುಪಿನ ಹುಡುಗಿ. ಮೇಲಿನ ಪದರವನ್ನು ಮುಚ್ಚಿದೆ. ಅಡಿಯಲ್ಲಿ ಅದೇ ಕಣ್ಣು, ಅದೇ ಮೂಗು, ಕಪ್ಪು ಹುಡುಗಿ. ನನ್ನಷ್ಟೇ ಕಪ್ಪು.

ನಾನು ಪದರ ತೆರೆದೆ, ಮುಚ್ಚಿದೆ, ತೆರೆದೆ. ಈ ಹುಡುಗಿ ಕಾಫಿ ಹಿಡಿದು ಯಾರದೋ ಮುಂದೆ ನಿಲ್ಲುತ್ತಾಳೆ ಎಂದು ನನಗೆ ಗೊತ್ತಿತ್ತು. ಇವಳಪ್ಪ ಆಗ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ ಎಂದೂ ಗೊತ್ತಿತ್ತು. ಅವನಿಗೆ ಹಾಗೇ ಆಗಬೇಕು ಎನಿಸಿತು. ಒಂದು ಕೀಲಿಯನ್ನೂ ಒತ್ತದೆ, ಅವನು ಕಳಿಸಿದ ಬಣ್ಣದಲ್ಲೇ ಪ್ರಿಂಟ್ ತೆಗೆದು ಕಳಿಸಿದೆ. ಫೈಲಿನ ಒಂದು ಪ್ರತಿಯನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡೆ.

ಆ ತಿಂಗಳೆಲ್ಲ ಸುದ್ದಿಗಾಗಿ ಕಿವಿ ತೆರೆದುಕೊಂಡೇ ಇದ್ದೆ. ಕೊನೆಗೆ ಸುದ್ದಿ ತಂದದ್ದು ರಂಗಸ್ವಾಮಿ. ಬಂದವರೇ ಕುರ್ಚಿಯಲ್ಲಿ ಕುಸಿದರು.

“ಪಾಲಾಕ್ಷನ್ ಮಗ್ಳುನ್ ನೋಡಕ್ಕೆ ಅರಕಲಗೂಡಿಂದ ಬಂದಿದ್ರಂತೆ ಮೇಡಮ್ಮು. ಫೋಟೋಗೂ ಉಡ್ಗಿಗೂ ತಾಳೆನೇ ಇಲ್ಲ ಅಂದ್ರಂತೆ.”

“ಅದಕ್ಕೆ ಪಾಲಾಕ್ಷ ಏನಂದರು?” ನನ್ನ ದನಿ ನನಗೇ ಕೇಳಿಸಿತು.

“ಏನಂತಾನೆ? ಹಾಸನದ್ ಲ್ಯಾಬ್ನೋರು ಕೆಡ್ಸವ್ರೆ ಅಂದ. ಅಳೇಕೋಟೆ ಮದ್ವೆ ಆಲ್ಬಂ ತಗ್ದು ತೋರ್ಸ್ದ. ನೋಡಿ, ಒಂದ್ ವರ್ಸದಿಂದ ಇಂಗೇ ಕೆಡುಸ್ತಾವ್ರೆ, ಊರೋರ್ನೆಲ್ಲ ಕೇಳಿ ಅಂದ. ಅವ್ರು, ಅಯ್ಯೋ ನಿಮ್ದೇನ್ ತಪ್ಪು ಬಿಡಿ ಯಜಮಾನ್ರೇ ಅಂದು, ಕಾಫಿ ಕುಡ್ದು, ಊರಿಗೋಗಿ ತಿಳುಸ್ತೀವಿ ಅಂತ ಓದ್ರಂತೆ. ಅವ್ನ್ ಮಾನ ಉಳೀತು. ನನ್ ಲ್ಯಾಬಿಂದು ಓಯ್ತು.”

ಅವರು ನೀರು ಕುಡಿಯಲು ಎದ್ದು ಹೋದರು. ನಮ್ಮಪ್ಪನ ಹತ್ತಿರ ತೋರಿಸಲು ಯಾವ ಆಲ್ಬಮ್ಮೂ ಇರಲಿಲ್ಲ. ಇವನಿಗೆ ಒಂದು ವರ್ಷದ ಸಾಕ್ಷಿಯನ್ನು ಜೋಡಿಸಿ ಕೊಟ್ಟವಳು ನಾನೇ. ಯಜಮಾನರೇ ಎನ್ನಿಸಿಕೊಂಡು ಅವನು ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿಕೊಟ್ಟಿರುತ್ತಾನೆ. ಏಟು ಬಿದ್ದದ್ದು ಆ ಹುಡುಗಿಗೆ ಮಾತ್ರ.

ಒಂದು ದಿನ ಅವಳೇ ಲ್ಯಾಬಿಗೆ ಬಂದಳು. ಹಾಸನದಲ್ಲೇ ಬಿ.ಕಾಂ. ಓದುತ್ತಿದ್ದಳು. ಮಧ್ಯಾಹ್ನ, ರಂಗಸ್ವಾಮಿ ಊಟಕ್ಕೆ ಹೋಗಿದ್ದಾಗ, ಕೌಂಟರಿನ ಮೇಲೆ ಆ ಫೋಟೋ ಇಟ್ಟಳು.

“ಅಕ್ಕ, ಇದನ್ನ ಪ್ರಿಂಟ್ ಹಾಕಿದ್ದು ಯಾರು?”

“ನಾನೇ.”

“ಯಾಕೆ ಇಷ್ಟು ಬೆಳ್ಳಗೆ ಮಾಡಿದ್ರಿ? ನಾನು ಇದನ್ನ ನೋಡಿದ್ದೇ ಅರಕಲಗೂಡಿನೋರು ವಾಪಸ್ ಕೊಟ್ಟು ಹೋದ್ಮೇಲೆ.”

ಇದಕ್ಕೇ ಕಾಯುತ್ತಿದ್ದೆನೇನೋ ಎಂಬಂತೆ ನನ್ನ ಕೈ ಮೌಸಿನ ಮೇಲಿತ್ತು. “ಒಳಗೆ ಬಾ,” ಎಂದೆ. ಫೈಲು ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದೆ. “ನಿಮ್ಮಪ್ಪ ಕಳಿಸಿದ್ದು ಇದು. ಇದರ ಅಡಿಯಲ್ಲಿ ಇರೋದು ಇದು.”

ಅವಳು ಮೌಸು ಕೇಳಿ ಇಸಕೊಂಡು ತಾನೇ ಪದರವನ್ನು ಮುಚ್ಚಿದಳು, ತೆರೆದಳು.

“ಬೇರೆಯವ್ರ ಫೋಟೋನೂ ಕೆಂಪು ಬರ್ತಿದ್ವಲ್ಲ. ಅದೂ ಅಪ್ಪಂದೇನಾ?”

“ಅವರ ಮಾನಿಟರು ಸರಿಯಿಲ್ಲ,” ಎಂದೆ. ಅದೂ ಸುಳ್ಳಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ನಿಮ್ಮಪ್ಪ ಮಾಡಿದ್ದು ಇದೇ ಮೊದಲಲ್ಲ,” ಎಂದು ಶುರುಮಾಡಿ, ಚನ್ನರಾಯಪಟ್ಟಣದವರು ಬಂದದ್ದು, ಅಪ್ಪ ಸ್ಟುಡಿಯೋಗೆ ಹೋದದ್ದು, ಅವನು ಹೇಳಿದ ಮಾತು, ಎಲ್ಲ ಹೇಳಿದೆ.

“ಬಣ್ಣದ ಮೇಷ್ಟ್ರ ಮಗಳಾ ನೀವು?” ಎಂದುಬಿಟ್ಟಳು. ಎಂದವಳೇ ತುಟಿ ಕಚ್ಚಿಕೊಂಡಳು. “ಚಿಕ್ಕೋಳಿದ್ದಾಗ ಆ ಹೆಸರು ಕೇಳಿದ್ದೆ. ಯಾಕೆ ಅಂತ ಗೊತ್ತಿರ್ಲಿಲ್ಲ.”

ನಾನು ಯಂತ್ರದ ಕಡೆ ತಿರುಗಿದೆ. “ಎರಡು ಪ್ರಿಂಟ್ ತೆಗೆದು ಕೊಡ್ತೀನಿ. ಒಂದು ಅವರು ಮಾಡಿದ್ದು, ಒಂದು ನೀನು. ನಿಮ್ಮಮ್ಮನ ಮುಂದೆ ಇಡು. ಅರಕಲಗೂಡಿನವರಿಗೆ ಕಳಿಸು. ಯಾರು ಮಾಡಿದ್ದು ಅಂತ ಎಲ್ಲರ ಮುಂದೆ ಕೇಳು ಅವರನ್ನ.”

ಅವಳು ಪರದೆಯಿಂದ ಕಣ್ಣು ತೆಗೆದು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು. “ನಿಮ್ಗೆ ಅದು ಬೇಕಲ್ವಾ ಅಕ್ಕ?”

ನಾನು ಫೋಟೋವನ್ನು ಅವಳ ಕಡೆ ಸರಿಸಿದೆ.

“ಲ್ಯಾಬ್ನೋರು ಕೆಡಿಸಿದ್ರು ಅಂತ ಹೇಳ್ವಾಗ ಅಪ್ಪ ನನ್ ಕಡೆ ತಿರುಗ್ಲೇ ಇಲ್ಲ. ಅವಾಗ್ಲೇ ಅನುಮಾನ ಬಂತು. ಖಾತ್ರಿ ಮಾಡ್ಕೊಳಕ್ಕೆ ಬಂದೆ.”

“ಖಾತ್ರಿ ಆಯ್ತಲ್ಲ. ಕೇಳು ಹೋಗಿ.”

“ಕೇಳಿದ್ರೆ ಅಳ್ತಾರೆ. ನಿನ್ ಒಳ್ಳೇದಕ್ಕೆ ಮಾಡ್ದೆ ಕಣವ್ವ ಅಂತಾರೆ. ಆಮೇಲೆ ನಾನೇ ಸಮಾಧಾನ ಮಾಡ್ಬೇಕು. ಎರಡು ದಿನಕ್ಕೆ ಅವ್ರು ಹಗುರ ಆಗ್ಬಿಡ್ತಾರೆ.” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನಂಗೆ ಬೇಡ. ನಂಗೆ ಗೊತ್ತಾಯ್ತೋ ಇಲ್ವೋ ಅಂತ ಅವ್ರು ದಿನಾ ನನ್ ಮುಖ ನೋಡ್ಲಿ.”

ಇಪ್ಪತ್ತೊಂದು ವರ್ಷದ ಹುಡುಗಿ. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಅವಳು ಹೇಳದಿದ್ದರೆ ನಮ್ಮಪ್ಪನ ವಿಷಯವೂ ಹೊರಗೆ ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಫೈಲನ್ನು ಮುಚ್ಚಿ, ಅದರ ಮೇಲೆ ಮೌಸಿಟ್ಟು ಅಳಿಸುವ ಕೀಲಿ ಒತ್ತಿಬಿಟ್ಟಳು. ಕಂಪ್ಯೂಟರು ಕೇಳಿದ ಪ್ರಶ್ನೆಗೆ ಹೌದು ಎಂದಳು. ಕಸದ ಬುಟ್ಟಿ ತೆರೆದು ಅಲ್ಲಿಂದಲೂ ತೆಗೆದಳು. ನನ್ನ ಕೈ ಅಲ್ಲೇ ಪಕ್ಕದಲ್ಲಿತ್ತು. ತಡೆಯಲಿಲ್ಲ.

ಅವಳು ಫೋಟೋವನ್ನು ಪುಸ್ತಕದೊಳಗೆ ಇಟ್ಟುಕೊಂಡು ಕೌಂಟರಿನ ಆಚೆ ಹೋದಳು.

“ನಿಮ್ಮಮ್ಮನಿಗಾದರೂ?” ಎಂದೆ.

“ಅಮ್ಮಂಗೂ ಇಲ್ಲ. ಯಾರ್ಗೂ ಹೇಳಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.