ಚುಕ್ಕಿ ಇಲ್ಲದ ನಿಲಂಗಾ

ನಿಲಂಗಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಾದೇವಪ್ಪನ ದುಕಾನ. ಚೂರಿ, ಕುಡಗೋಲು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಇಷ್ಟೇ ಅಲ್ಲಿ ಸಿಗುವುದು. ಅವನ ಮಾಲಿಗೆ ಒಂದು ಗುರುತಿತ್ತು. ಅವನಪ್ಪ ಉಕ್ಕಿನ ತುಂಡಿನ ಮೇಲೆ ಉಲ್ಟಾ ಅಕ್ಷರ ಕೆತ್ತಿ ಮಾಡಿಟ್ಟ ಮುದ್ರೆ. ಮನೆಯಲ್ಲಿ ಕನ್ನಡ ಆಡುತ್ತ ಬೆಳೆದ ಅಪ್ಪನಿಗೆ ಮರಾಠಿ ಬರವಣಿಗೆ ಅಷ್ಟಕ್ಕಷ್ಟೇ. ಮರಾಠಿಯಲ್ಲಿ ‘ನಿಲಂಗಾ’ ಎಂದು ಕೆತ್ತುವಾಗ ಅನುಸ್ವಾರಕ್ಕೆ ಇಡುವ ಮೇಲಿನ ಚುಕ್ಕಿ ಬಿಟ್ಟುಬಿಟ್ಟಿದ್ದ, ಅದು ‘ನಿಲಗಾ’ ಆಗಿತ್ತು. ಸಾಲಿ ಕಲಿತವರು ನಕ್ಕರು. ಕುರಿಗಾರರು ನಗಲಿಲ್ಲ. ಉಮರ್ಗಾ ಸಂತೆಯಲ್ಲಿ ಚೂರಿ ಕೊಳ್ಳುವಾಗ ಅಲಗು ಹೊರಳಿಸಿ ನೋಡುವುದು ಅವರಿಗೆ ರೂಢಿಯಾಯಿತು. ಚುಕ್ಕಿ ಇದ್ದರೆ ನಕಲಿ, ಇಲ್ಲದಿದ್ದರೆ ಅಸಲಿ.

ಅಪ್ಪ ಹೋದ, ಮುದ್ರೆ ಉಳಿಯಿತು. ಮಹಾದೇವಪ್ಪನೂ ಬಹಳ ದಿನ ಕಬ್ಬಿಣ ಕಾಸಿ ಬಡಿದವನೇ. ಬಲಭುಜ ಹಿಡಿದುಕೊಂಡ ಮೇಲೆ ಸುತ್ತಿಗೆ ಎತ್ತುವುದಾಗಲಿಲ್ಲ. ಉದಗೀರದ ಠೋಕ, ಅಂದರೆ ಸಗಟು, ವ್ಯಾಪಾರಿ ಮನೋಜನಿಂದ ತಯಾರಾದ ಅಲಗು ತಂದು, ಜಾಲಿ ಕಟ್ಟಿಗೆಯ ಹಿಡಿ ಕೂಡಿಸಿ, ಸಾಣೆ ಹಿಡಿದು, ಮುದ್ರೆ ಒತ್ತಿ ಮಾರತೊಡಗಿದ. ಭುಜ ನೆಟ್ಟಗಾಗುವ ತನಕ ಅಷ್ಟೇ ಅಂದುಕೊಂಡಿದ್ದ. ಅದು ನೆಟ್ಟಗಾಗಲಿಲ್ಲ. ಈಗ ಕುಲುಮೆಯ ಗುಂಡಿಯಲ್ಲಿ ಹೆಂಡತಿ ಮುಕ್ತಾಬಾಯಿ ಉಳ್ಳಾಗಡ್ಡಿ ಬುಟ್ಟಿ ಇಡುತ್ತಿದ್ದಳು. ಎಲ್ಲಿ ಮಾಡಿದ್ದು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾಯಿಬಿಟ್ಟು ಸುಳ್ಳಾಡಿದವನಲ್ಲ. ಆ ಕೆಲಸ ಮುದ್ರೆ ಮಾಡುತ್ತಿತ್ತು.

ಕೇಳುವಾಕೆ ದಾಳಿಂಬ ಎಂಬ ಊರಿನಿಂದ ಬಂದಳು. ಬಾಳಮ್ಮ, ಕುರಿಗಾರ ಅಮೃತಪ್ಪನ ಅಕ್ಕ. ಅವಳು ಕುರಿಗಾರರ ದೇವರು ಬೀರಪ್ಪನ ಪದ ಹಾಡಲು ನಿಂತರೆ ಕೂತವರು ಏಳುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಮುರಿದ ಕತ್ತರಿಯ ಎರಡು ತುಂಡು ಅವನ ಮುಂದಿಟ್ಟಳು.

“ನಿಮ್ಮಪ್ಪ ಮಾಡಿಕೊಟ್ಟಿದ್ದು. ಅಂವಾ ಹೋದ, ಈಗ ಇದೂ ಅವನ ಬೆನ್ನು ಹತ್ಯದ,” ಅಂದಳು. ಗೋಡೆಗೆ ತೂಗುಹಾಕಿದ ಹೊಸ ಚೂರಿಯೊಂದನ್ನು ಹೊರಳಿಸಿ ನೋಡಿ, “ಇನ್ನೂ ಚುಕ್ಕಿ ಹಾಕೂದು ಕಲಿತಿಲ್ಲೇನೋ ನಿಮ್ಮ ಮನ್ಯಾಗ?” ಎಂದು ನಕ್ಕಳು.

ಅವರ ಮನೆತನಕ್ಕೆ ಒಂದು ಕಟ್ಟಳೆ. ದೇವರಿಗೆ ಬಿಟ್ಟ ಟಗರಿನ ಉಣ್ಣೆಗೆ ಹೊಸ ಕತ್ತರಿ ಮುಟ್ಟಿಸುವ ಮೊದಲು ಆ ಕತ್ತರಿಯ ಹುಟ್ಟು ಹಾಡಬೇಕು. ಹುಟ್ಟನ್ನು ಹೇಳಬೇಕಾದವನು ಮಾಡಿದವನೇ. ಅದೂ ಅಂಗೈಯಲ್ಲಿ ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಹಿಡಿದುಕೊಂಡು. ಮಹಾದೇವಪ್ಪ ಸಣ್ಣವನಿದ್ದಾಗ ಅಪ್ಪನ ಮಗ್ಗುಲಲ್ಲಿ ಕೂತು ಆ ಪದ ಕೇಳಿದ್ದ, ಅದು ಎದೆಯಲ್ಲಿ ಹಾಗೇ ಕೂತಿತ್ತು:

ಕಬ್ಬಿಣ ಯಾವೂರದೋ, ಕಾಸಿದ ಕೈ ಯಾವೂರದೋ,
ಹರಿತ ಕೊಟ್ಟವನ ಹೆಸರೇನೋ, ಬೀರಯ್ಯಾ

ಅಪ್ಪ ಎದೆ ಸೆಟೆಸಿ ಹೇಳಿದ್ದ. ಕಬ್ಬಿಣ ಉದಗೀರದ ಗುಜರಿಯದು, ಕಾಸಿದ ಕೈ ನಿಲಂಗಾದ್ದು, ಹರಿತ ಕೊಟ್ಟವನು ತಾನು.

ಬಾಳಮ್ಮ ಐತವಾರ ತಮ್ಮನ ಕೂಡ ಬರುತ್ತೇನೆ, ಹೊಸ ಕತ್ತರಿ ಮತ್ತು ಅದರ ಹುಟ್ಟಿನ ಮಾತು ಎರಡೂ ಒಯ್ಯುತ್ತೇನೆ, ಸೋಮವಾರ ಉಣ್ಣೆ ಕತ್ತರಿಸುವುದು, ನೀನೂ ಬಾ ಎಂದು ಹೇಳಿ ಹೋದಳು.

ಮುಕ್ತಾಬಾಯಿ ಇದನ್ನು ದೊಡ್ಡ ವಿಷಯ ಮಾಡಲಿಲ್ಲ. ಹಿಡಿ ಹಾಕುವುದು ನಿಲಂಗಾದಲ್ಲಿ, ಸಾಣೆ ಹಿಡಿಯುವುದು ನಿಲಂಗಾದಲ್ಲಿ, ನೀವೂ ನಿಲಂಗಾದವರೇ, ಅಷ್ಟು ಹೇಳಿದರೆ ಆಯಿತಲ್ಲ ಅಂದಳು. ಪದ ಕೇಳುವುದು ಕಾಸಿದ ಕೈಯನ್ನು ಅಂದ ಅವನು. ಬಾಳಮ್ಮನ ಪದ ಕೇಳಲು ದಾಳಿಂಬದಿಂದ ಸಾಸ್ತೂರದ ತನಕ ಕುರಿಗಾರರು ಸೇರುತ್ತಾರೆ, ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಹೇಳಿದಂತೆ, ನಾಳೆ ದುಕಾನದ ಕಡೆ ಯಾರು ಹಾಯುತ್ತಾರೆ ಎಂದು ಅವಳು ಕೇಳಿದಳು. ಭಂಡಾರ ಹಿಡಿದು ಸುಳ್ಳು ಹೇಳಲಾರೆ ಎಂದಷ್ಟೇ ಅಂದ.

“ಹಂಗಾದ್ರ ಇಷ್ಟು ದಿನ ಬಂದೋರೆಲ್ಲ ಭಂಡಾರ ತರದ ಗಿರಾಕಿ, ಅವರಿಗೆ ಸುಳ್ಳು ನಡೀತಿತ್ತು ಅನ್ರಿ,” ಎಂದು ಅವಳು ಉಳ್ಳಾಗಡ್ಡಿ ಹೆಚ್ಚಲು ಕೂತಳು.

ಆ ಮಾತು ಅವನಿಗೆ ನಟ್ಟಿತು. ಕಾಸಿದ ಕೈಯ ಊರಾದರೂ ಗೊತ್ತಾಗಲಿ ಎಂದು ಮರುದಿನ ಉದಗೀರದ ಬಸ್ ಹತ್ತಿದ.

ಮನೋಜ ಚಹಾ ತರಿಸಿದ. ಅಲಗು ಮಾಡುವ ಕಾರಖಾನೆ ಯಾವೂರಲ್ಲಿದೆ ಎಂದರೆ ಮರಾಠಿಯಲ್ಲಿ ನಕ್ಕು, ನನಗೆ ಕೊಡುವವನು ಪೆಟ್ಟಿಗೆಯ ಮೇಲಿನ ಚೀಟಿ ಹರಿದೇ ಕೊಡುತ್ತಾನೆ, ಅವನಿಗೂ ಹಾಗೇ ಬರುತ್ತಿರಬೇಕು, ಕೊಯ್ಯುವ ಚೂರಿಯ ಜಾತಿ ಕಟ್ಟಿಕೊಂಡು ಏನು ಮಾಡುತ್ತೀ ಅಂದ. ಆಮೇಲೆ ಒಳಗಿನಿಂದ ಹೊಸ ಪೆಟ್ಟಿಗೆ ತಂದು, ನಿನಗೇ ಹೇಳಬೇಕೆಂದಿದ್ದೆ ಎಂದು ಒಂದು ಅಲಗು ಅವನ ಕೈಗಿಟ್ಟ. ಅದರ ಮೇಲೆ ಮುದ್ರೆ ಆಗಲೇ ಬಿದ್ದಿತ್ತು. ನಿಲಗಾ. ಚುಕ್ಕಿ ಇಲ್ಲ.

ನಿನ್ನ ಭುಜಕ್ಕೆ ಅಷ್ಟು ತ್ರಾಸ ಕಡಿಮೆ ಎಂದು ಮನೋಜ ವಿವರಿಸಿದ. ಕಾರಖಾನೆಯವರು ಅಕ್ಷರ ತಪ್ಪಿದೆ, ತಿದ್ದುತ್ತೇವೆ ಎಂದು ಮಾಲು ಕೊಡುವವನ ಬಾಯಲ್ಲಿ ಹೇಳಿ ಕಳಿಸಿದ್ದರಂತೆ. ತಪ್ಪು ತಪ್ಪಾಗಿಯೇ ಇರಲಿ, ಅದಕ್ಕೇ ಬೆಲೆ ಎಂದು ಮನೋಜನೇ ತಿರುಗಿ ತಾಕೀತು ಮಾಡಿದ್ದನಂತೆ.

ಮಹಾದೇವಪ್ಪನಿಗೆ ಮೈ ಉರಿಯಿತು. ಎಲ್ಲೋ ಮಾಡಿದ್ದಕ್ಕೆ ನಮ್ಮೂರ ಹೆಸರು ಹಾಕಲು ನೀನ್ಯಾರು ಎಂಬ ಮಾತು ನಾಲಗೆಯ ತುದಿಗೆ ಬಂತು. ತಾನು ಇಷ್ಟು ದಿನ ಮಾಡುತ್ತ ಬಂದದ್ದೂ ಅದನ್ನೇ. ಹೆಸರು ಒತ್ತಿದ ಅಲಗನ್ನು ತಿರುಗಿ ಪೆಟ್ಟಿಗೆಗೆ ಹಾಕಿದ. ಹೆಸರಿಲ್ಲದ ಎರಡು ಕತ್ತರಿ ಅಲಗನ್ನಷ್ಟೇ ತೆಗೆದುಕೊಂಡ. ತನ್ನ ಗುರುತು ಇನ್ನು ಯಾವುದರ ಮೇಲೂ ಒತ್ತಬೇಡವೆಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದ.

ಉಳಿದ ದಿನಗಳಲ್ಲಿ ಆ ಕತ್ತರಿಗೆ ಅವನು ಹಿಡಿದಷ್ಟು ಸಾಣೆ ಯಾವುದಕ್ಕೂ ಹಿಡಿದಿರಲಿಲ್ಲ. ಮುದ್ರೆ ಒತ್ತಲಿಲ್ಲ.

ಐತವಾರ ಬಾಳಮ್ಮ, ಅಮೃತಪ್ಪ ಬಂದರು. ಅವಳು ಚೀಲ ಬಿಚ್ಚಿ ಅವನ ಅಂಗೈಗೆ ಭಂಡಾರ ಸುರಿದಳು. ಮುಕ್ತಾಬಾಯಿ ಬಾಗಿಲಲ್ಲಿ ನಿಂತಿದ್ದಳು.

“ಕಬ್ಬಿಣ ಯಾವೂರದೋ ಮಹಾದೇವಾ?”

“ಗೊತ್ತಿಲ್ಲ ಯಕ್ಕಾ.”

“ಕಾಸಿದ ಕೈ?”

“ಅದೂ ಗೊತ್ತಿಲ್ಲ. ಕೇಳಾಕ ಉದಗೀರಕ್ಕ ಹೋಗಿದ್ದೆ, ಹೇಳೋರು ಸಿಗಲಿಲ್ಲ. ನಂದಲ್ಲ. ಹಿಡಿ ನಂದು, ಹರಿತ ನಂದು.”

ಅಮೃತಪ್ಪ ಅಕ್ಕನ ಮುಖ ನೋಡಿದ. ಬಾಳಮ್ಮ ಕತ್ತರಿ ಎತ್ತಿಕೊಂಡಳು. ಕಂಬಳಿಯ ಅಂಚಿನಿಂದ ಒಂದು ಎಳೆ ಜಗ್ಗಿ ಕತ್ತರಿಸಿ ನೋಡಿದಳು. ಎಳೆ ಸದ್ದಿಲ್ಲದೆ ಬಿತ್ತು. “ಪದದಾಗ ಗೊತ್ತಿಲ್ಲ ಅನ್ನೂದು ಕೂಡಂಗಿಲ್ಲೋ,” ಅಂದಳು, “ನೋಡ್ತೀನಿ.”

ಮಹಾದೇವಪ್ಪ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ತಿರುಗಿ ಚೀಲಕ್ಕೆ ಹಾಕಿ, ಕೈ ತೊಳೆದುಕೊಂಡ. ಮಾತು ಮುಗಿಯಿತೆಂದು ಅವನು ಎಣಿಸಿದ್ದ. ಆಗ ಅಮೃತಪ್ಪ ಸೊಂಟದಿಂದ ಚೂರಿ ತೆಗೆದ.

“ದೀಪಾವಳಿ ಮುಂದ ನಿನ್ನ ಕಡಿಂದ ಒಯ್ದಿದ್ದೆ. ನಿಲಂಗಾದ್ದು ಅಂತ ಊರೆಲ್ಲ ತೋರಿಸಿ ಬಂದೀನಿ. ಇದು?”

ಕೈಯಲ್ಲಿ ಈಗ ಅರಿಸಿನವಿರಲಿಲ್ಲ. ಮಹಾದೇವಪ್ಪ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

“ಅದೂ ಹಂಗೇ ಅದ ಅಮೃತಪ್ಪಾ,” ಅಂದ.

ಅಮೃತಪ್ಪ ಚೂರಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಹೋಗಿಬರುತ್ತೇನೆಂದು ಹೇಳಲಿಲ್ಲ.

ಸೋಮವಾರ ದಾಳಿಂಬಕ್ಕೆ ಹೋಗುವುದೋ ಬೇಡವೋ ಎಂದು ಮಹಾದೇವಪ್ಪ ಬಸ್ ಬರುವ ತನಕ ಯೋಚಿಸಿದ. ನೀವು ಹೋಗದಿದ್ದರೆ ಬೆನ್ನ ಹಿಂದೆ ಹೆಚ್ಚು ಮಾತು ಹುಟ್ಟುತ್ತದೆ ಎಂದು ಬುತ್ತಿ ಕಟ್ಟಿಕೊಟ್ಟವಳು ಮುಕ್ತಾಬಾಯಿ.

ತೊಗರಿ ಹೊಲದ ಬದಿಯಲ್ಲಿ, ಬೇವಿನ ಗಿಡದ ಕೆಳಗೆ ಮಂದಿ ಸೇರಿದ್ದರು. ಮಿಂದ ಟಗರು ನಿಂತಿತ್ತು. ಬಾಳಮ್ಮ ಪದ ಎತ್ತಿದಳು. ಕಬ್ಬಿಣ ಯಾವೂರದೋ ಅಂದಾಗ ಹೆಸರು ಬರಲಿಲ್ಲ. ಡೊಳ್ಳಿನವನು ಒಂದು ಪೆಟ್ಟು ಹಾಕಿದ. ಕಾಸಿದ ಕೈ ಯಾವೂರದೋ ಅಂದಾಗಲೂ ಬರೀ ಪೆಟ್ಟು. ಅಪ್ಪನ ಕಾಲಕ್ಕೆ ಅಲ್ಲಿ ನಿಲಂಗಾ ಎಂದಿತ್ತು. ಮಹಾದೇವಪ್ಪ ತಲೆ ತಗ್ಗಿಸಿ ಕೇಳಿದ. ಹರಿತ ಕೊಟ್ಟವನ ಹೆಸರೇನೋ ಅಂದಾಗ ಡೊಳ್ಳು ನಿಂತಿತು. ಅವನ ಹೆಸರು ಬಂತು, ಪೂರಾ ಬಂತು. ಕತ್ತರಿ ಉಣ್ಣೆಗೆ ಬಿದ್ದು ಎಲ್ಲೂ ಸಿಕ್ಕಿಕೊಳ್ಳದೆ ಹೋಯಿತು.

ಉಣ್ಣೆ ಕಂಬಳಿಗೆ ಬಿದ್ದ ಮೇಲೆ ಮಂದಿ ಗುಸುಗುಸು ಅನ್ನತೊಡಗಿದರು. ಸಾಸ್ತೂರದ ಭೀಮಶಾ ಎಂಬ ಮುದುಕ ಎದ್ದು ಬಂದು ತನ್ನ ಚೂರಿಯನ್ನು ಮಹಾದೇವಪ್ಪನ ಮುಂದೆ ಹಿಡಿದ.

ಮಹಾದೇವಪ್ಪ ಮುದ್ರೆ ನೋಡಲಿಲ್ಲ. ಅಲಗಿನ ಬೆನ್ನ ಮೇಲೆ ಬೆರಳಾಡಿಸಿದ. ಅಪ್ಪ ಬಡಿದ ಸುತ್ತಿಗೆಯ ತಗ್ಗು ಬೆರಳಿಗೆ ಹತ್ತಿತು.

“ಇದು ನಮ್ಮಪ್ಪಂದು. ಖರೇ ನಿಲಂಗಾದ್ದು.”

ಮುದುಕ ಚೂರಿಯನ್ನು ಅಂಗಿಗೆ ಒರೆಸಿಕೊಂಡ. ಅವನ ಹಿಂದೆ ಇನ್ನೊಬ್ಬ ನಿಂತಿದ್ದ, ಅವನ ಹಿಂದೆ ಮತ್ತೊಬ್ಬ. ದೂರದಲ್ಲಿ ಅಮೃತಪ್ಪ ಕೈಕಟ್ಟಿ ನೋಡುತ್ತಿದ್ದ. ಮಹಾದೇವಪ್ಪ ಬುತ್ತಿಗಂಟು ಬದಿಗಿಟ್ಟು, ಸಾಣೆಕಲ್ಲು ತರಬೇಕಿತ್ತು ಅಂದುಕೊಳ್ಳುತ್ತ, ಮುಂದಿನದನ್ನು ಇಸಿದುಕೊಂಡ. ಬೆನ್ನ ಮೇಲೆ ಬೆರಳಾಡಿಸಿದ. ನುಣುಪಾಗಿತ್ತು.

“ಇದಲ್ಲ,” ಅಂದ.